ಟೆಸ್ಟಿಂಗ್ ಕ್ಲಸ್ಟರ್ ಅಂದುಕೊಂಡದ್ದು

ಅದು ಆಂಬುಲೆನ್ಸ್ ಕಳಿಸುವ ಕಚೇರಿ. ಫೋನು ಎತ್ತುವವರು ಗೋಡೆಯ ಆಚೆ, ಅವರ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ಈಚೆ. ಈಚೆ ಅಂದರೆ ಇಬ್ಬರೇ. ಹೊಸದಾಗಿ ಸೇರಿದ ಅವಳು, ಮತ್ತೆ ಎಲ್ಲರ ಬಾಯಲ್ಲೂ ಮೀಸೆ ಸರ್ ಆಗಿಹೋಗಿದ್ದ ಹಿರಿಯ ಇಂಜಿನಿಯರು. ಅವರ ಮೀಸೆಗಿಂತ ಅವರ ಧೈರ್ಯ ದಪ್ಪ ಅಂತ ಆಚೆಯವರು ನಗುತ್ತಿದ್ದರು.

ಅಲ್ಲಿನ ಪ್ರೋಗ್ರಾಮುಗಳೆಲ್ಲ ಕಂಟೈನರ್ ಅನ್ನುವ ಪುಟ್ಟ ಪುಟ್ಟ ಡಬ್ಬಿಗಳೊಳಗೆ ಓಡುತ್ತಿದ್ದವು. ಅಂಥ ಡಬ್ಬಿಗಳ ಗುಂಪೇ ಕ್ಲಸ್ಟರ್. ಒಂದು ಕ್ಲಸ್ಟರ್ ನಿಜವಾದ ಕೆಲಸಕ್ಕೆ. ಇನ್ನೊಂದು ಟೆಸ್ಟಿಂಗಿಗೆ, ಅಲ್ಲಿ ಏನು ಕೆಡವಿದರೂ ಕೇಳುವವರಿಲ್ಲ. ಕ್ಲೌಡ್ ಅನ್ನುವ ದೂರದ ಬಾಡಿಗೆ ಕಂಪ್ಯೂಟರಿನಲ್ಲಿ ಹೊಸದೊಂದು ಜಾಗ ತೆರೆದು, ಕ್ಲಸ್ಟರ್ ನಿಭಾಯಿಸುವ ಟೂಲ್ ಅಲ್ಲಿ ಕೂರಿಸಿ, ಟೆಸ್ಟಿಂಗ್ ಕ್ಲಸ್ಟರಿಗೆ ಜೋಡಿಸುವುದು ಅವಳ ಪಾಲಿಗೆ ಬಂದ ಮೊದಲ ದೊಡ್ಡ ಕೆಲಸ.

"ಟೆಸ್ಟಿಂಗ್ ಕ್ಲಸ್ಟರಿನ ಒಳಗೆ ಬಿಡೋ ಕೀ ಎಲ್ಲಾ ಹಾಕಿಟ್ಟಿದೀನಿ. ಟೂಲ್ ಕೂರಿಸು, ಒಂದೆರಡು ಕಂಟೈನರ್ ಡಿಲೀಟ್ ಮಾಡಿ ನೋಡು, ಅಷ್ಟೇ," ಅಂದಿದ್ದರು ಮೀಸೆ ಸರ್.

ಟೂಲ್ ತಕರಾರಿಲ್ಲದೆ ಕೂತಿತು. ಕಂಟೈನರುಗಳು ಸ್ಕ್ರೀನಿನಲ್ಲಿ ಹಸಿರಾಗಿ ಸಾಲುಗಟ್ಟಿದವು. ಅವಳು ಖುಷಿಯಲ್ಲಿ ಒಂದು ಗುಂಪನ್ನು ಆರಿಸಿ ಅಳಿಸಿದಳು.

ಗೋಡೆಯಾಚೆ ಕುರ್ಚಿಯೊಂದು ಕಿರ್ರಂದಿತು. "ಅಯ್ಯೋ, ನನ್ನ ಸ್ಕ್ರೀನ್ ಹೋಯ್ತು!"

"ನಂದೂ ಹೋಯ್ತು!"

ಅವಳು ತಟ್ಟನೆ ಸ್ಕ್ರೀನಿಗೆ ಬಗ್ಗಿದಳು. ಟೂಲಿನ ನೆತ್ತಿಯ ಮೇಲಿದ್ದ ಕ್ಲಸ್ಟರಿನ ಹೆಸರು ಓದಿದಳು. ಅದು ಟೆಸ್ಟಿಂಗಿನದಲ್ಲ. "ಸರ್," ಅಂದದ್ದು ಅವಳಿಗೇ ಕೇಳಿಸಲಿಲ್ಲ.

ಮೀಸೆ ಸರ್ ಬಗ್ಗಿ ನೋಡಿದರು. ಅವರ ಮುಖ ಬಿಳುಚಿಕೊಂಡಿತು.

"ನಿಜವಾದ ಕ್ಲಸ್ಟರಿನ ಕೀ ಹಾಕಿಬಿಟ್ಟಿದೀನಿ," ಅಂದರು ಪಿಸುದನಿಯಲ್ಲಿ. "ಬಾಯಿ ಬಿಡಬೇಡ. ನೆಟ್‌ವರ್ಕ್ ಕೈಕೊಟ್ಟಿತು ಅನ್ನೋಣ. ಸದ್ದಿಲ್ಲದೆ ವಾಪಸ್ ಎಬ್ಬಿಸಿಬಿಡೋಣ."

ಆಚೆಯಿಂದ ಮತ್ತೊಂದು ದನಿ ತೂರಿಬಂತು. "ಸೇತುವೆ ಹತ್ತಿರದ ಮನೇಲಿ ಮಗು ಉಸಿರಾಡ್ತಿಲ್ವಂತೆ! ಹತ್ತಿರ ಯಾವ ಗಾಡಿ ಇದೆ ಅಂತ ಕಾಣಿಸ್ತಿಲ್ಲ! ತಾಳಿ ಅಮ್ಮ, ಈಗ ಬಂದುಬಿಡತ್ತೆ ಸ್ಕ್ರೀನು..."

ಅವರು ಸ್ಕ್ರೀನಿಗಾಗಿ ಕಾಯುತ್ತಿದ್ದಾರೆ. ಅದು ಈಗಲೇ ಬರುವುದಿಲ್ಲ ಅಂತ ಗೊತ್ತಿರುವುದು ತಮ್ಮಿಬ್ಬರಿಗೆ ಮಾತ್ರ. ಅವಳನ್ನು ಕೆಲಸ ಹೋಗುವ ಭಯ, ಪೊಲೀಸರ ಭಯ, ಕಾಣದ ಆ ತಾಯಿಯ ಭಯ, ಎಲ್ಲ ಒಟ್ಟಿಗೇ ಅಮರಿಕೊಂಡವು. ಮೇಜು ಹಿಡಿದು ಎದ್ದಳು.

"ಎಲ್ಲಿಗೆ? ಕೂತ್ಕೋ!"

"ನೀವು ಎಬ್ಬಿಸ್ತಾ ಇರಿ ಸರ್."

ಆಚೆಯ ಕೋಣೆಯ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಅವರು ಕಂಪ್ಯೂಟರನ್ನು ಆರಿಸಿ ಹೊತ್ತಿಸುತ್ತ ನಿಂತಿದ್ದರು.

"ದೊಡ್ಡಮ್ಮ, ಕಾಯಬೇಡಿ. ನಾನೇ ಅಳಿಸಿಬಿಟ್ಟೆ. ವಾಪಸ್ ಬರೋಕೆ ಹೊತ್ತಾಗತ್ತೆ. ವೈರ್‌ಲೆಸ್ಸಲ್ಲಿ ಕರೀರಿ."

ಅವರು ಅವಳನ್ನು ಸುಟ್ಟುಬಿಡುವ ಹಾಗೆ ನೋಡಿದರು. ವೈರ್‌ಲೆಸ್ ಕಿತ್ತುಕೊಂಡು, "ಸೇತುವೆ ಕಡೆ ಯಾರಿದೀರಿ? ಯಾರಾದ್ರೂ ಮಾತಾಡಿ!" ಅಂದರು.

ಬರೀ ಗರಗರ ಸದ್ದು. ಮತ್ತೆ ಕೂಗಿದರು. ಆಮೇಲೆ ಒಬ್ಬ ಡ್ರೈವರ್, "ನಾನಿದೀನಿ ದೊಡ್ಡಮ್ಮ, ಹೇಳಿ," ಅಂದ.

ಅವಳು ಓಡಿ ಬಂದು ಮೀಸೆ ಸರ್ ಪಕ್ಕ ಕೂತಳು. ಅವರ ಬೆರಳುಗಳು ತಪ್ಪು ಅಕ್ಷರಗಳನ್ನೇ ಒತ್ತುತ್ತಿದ್ದವು. ಅವಳು ಓದಿ ಹೇಳುತ್ತ ಹೋದಳು, ಅವರು ಒತ್ತುತ್ತ ಹೋದರು. ಕಂಟೈನರುಗಳು ಒಂದೊಂದಾಗಿ ಎದ್ದವು. ಆಚೆ ಸ್ಕ್ರೀನುಗಳು ಬೆಳಗುವಷ್ಟರಲ್ಲಿ ಡ್ರೈವರ್ ಆ ಮನೆ ಮುಟ್ಟಿಯಾಗಿತ್ತು. ವೈರ್‌ಲೆಸ್ಸಿನಲ್ಲಿ ಅವನ ಮಾತಿಗಿಂತ ಮೊದಲು ಕೂಸಿನ ಅಳು ಕೇಳಿಸಿತು. ಯಾರೋ ಬಿಕ್ಕಿದರು.

ಸಂಜೆ ಮ್ಯಾನೇಜರ್ ಕರೆದಾಗ ಮೀಸೆ ಸರ್ ಮುಂದೆ ನಡೆದರು. "ಕೀ ನಂದು ಸರ್, ತಪ್ಪೂ ನಂದೇ," ಅಂದರು. ಮ್ಯಾನೇಜರ್ ಬಹಳ ಹೊತ್ತು ಬೈದರು, ಕೊನೆಗೆ ಅವಳ ಕಡೆ ತಿರುಗಿ, "ನಾಳೆ ಟೂಲ್ ಮೊದಲಿಂದ ಕೂರಿಸು. ನೀನೇ ಕೂರಿಸಬೇಕು," ಅಂದರು.

ಹೊರಗೆ ದೊಡ್ಡಮ್ಮ ಸಿಕ್ಕರು. "ಸಿಟ್ಟು ಇನ್ನೂ ಇಳಿದಿಲ್ಲ ಕಣೆ," ಅಂದರು. "ಆದ್ರೂ ಬಂದು ಹೇಳಿದೆಯಲ್ಲ. ಹೋಗು, ಏನಾದ್ರೂ ತಿನ್ನು."

ಅವಳು ಬುತ್ತಿ ತೆರೆದು ಹಾಗೇ ಮುಚ್ಚಿದಳು. ನಾಳೆ ಮತ್ತೆ ಅದೇ ಕುರ್ಚಿಯಲ್ಲಿ ಕೂರಬೇಕಲ್ಲ ಅನ್ನುವುದೊಂದೇ ಹೊಟ್ಟೆ ತುಂಬಿಕೊಂಡಿತ್ತು.