ಪುತಳಾಬಾಯಿಯ ಕೇವಿಯಟ್

ಭಾಲ್ಕಿಯಿಂದ ಬಂದ ಸಂಜುಕುಮಾರ ತಂಗಿಯ ಮನೆಯೊಳಗೆ ಕಾಲಿಡಲಿಲ್ಲ. ಅಂಗಳದಲ್ಲೇ ನಿಂತು ಕೂಗಿದ.

"ಪುತಳಾ, ಕೋರ್ಟಿಗಿ ಹೋಗಿ ನನ್ನ ಮ್ಯಾಲ ಅರ್ಜಿ ಹಾಕಿದಿ? ನಾ ಏನ್ ಕಳ್ಳ ಇದ್ದೇನೇನು?"

ಖಟಕ ಚಿಂಚೋಳಿಯ ಆ ಓಣಿಯಲ್ಲಿ ಬಾಗಿಲುಗಳು ತೆರೆದವು. ಪುತಳಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

ತಂದೆ ಹಣಮಂತಪ್ಪ ಸ್ವಂತ ದುಡಿಮೆಯಿಂದ ಕೊಂಡ ಹೊಲವನ್ನೆಲ್ಲ ಮಗನಾದ ತನಗೇ ಬರೆದು ಸತ್ತಿದ್ದಾನೆ ಎಂದು ಸಂಜುಕುಮಾರ ಹೇಳಿದ್ದ. ಆ ಮೃತ್ಯುಪತ್ರವನ್ನು ಆಕೆಗೆ ತೋರಿಸಿರಲಿಲ್ಲ. ಅದು ನಿಜವೆಂದು ಕೋರ್ಟಿನ ಹುಕುಮು, ಅಂದರೆ ಪ್ರೊಬೇಟ್, ತರಲಿದ್ದಾನೆಂದು ಗೊತ್ತಾದ ಮೇಲೆ ಆಕೆ ಬೀದರಿಗೆ ಹೋಗಿ ವಕೀಲೆ ಅಂಬರೀನಳ ಕೈಯಿಂದ ಕೇವಿಯಟ್ ಅರ್ಜಿ ಹಾಕಿಸಿದ್ದಳು.

"ಕೇವಿಯಟ್ ಅಂದ್ರ ಯಾರ ಮ್ಯಾಲೂ ಆರೋಪ ಅಲ್ಲರಿ," ಎಂದಿದ್ದಳು ಅಂಬರೀನ. "ಕೋರ್ಟ್ ನಿಮಗ ನೋಟಿಸ್ ಕೊಡದ ಮುಂದ ಹೋಗಂಗಿಲ್ಲ. ಅಷ್ಟ."

ಈಗ ಪುತಳಾಬಾಯಿ ಅಣ್ಣನಿಗೂ ಅದನ್ನೇ ಹೇಳಿದಳು. "ಕಳ್ಳ ಅಂದಿಲ್ಲಣ್ಣಾ. ನನಗ ತಿಳಸದ ಮುಗಸಬ್ಯಾಡ ಅಂದೇನಿ."

"ವಾಪಸ್ ತಗೋ. ಇಲ್ಲಾಂದ್ರ ನಿನ್ನ ತವರುಮನಿ ಬಾಗಲ ಮುಚ್ಚಿತು ಅಂತ ತಿಳಕೋ."

ಪುತಳಾಬಾಯಿ ಅರ್ಜಿ ವಾಪಸ್ ತಗೊಳ್ಳಲಿಲ್ಲ. ಆ ವರ್ಷ ಪಂಚಮಿ ಹಬ್ಬಕ್ಕೆ ಅಣ್ಣ ತವರಿಗೆ ಕರೆಯಲು ಬರಲಿಲ್ಲ.

ಬೀದರಿನ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಬಂದವನು ಲಾಲ ಅಹ್ಮದ. ಕುರಿ ವ್ಯಾಪಾರದಲ್ಲಿ ಹಣಮಂತಪ್ಪನ ಜೊತೆಗಾರ. ಮೃತ್ಯುಪತ್ರಕ್ಕೆ ಸಾಕ್ಷಿಯಾಗಿ ಸಹಿ ಹಾಕಿದವನು. ಸಂಜುಕುಮಾರ ಕುತ್ತಿಗೆಯ ಬೆವರು ಒರೆಸುತ್ತಲೇ ಇದ್ದ.

"ಹಣಮಂತಪ್ಪನವರು ಸಹಿ ಮಾಡಿದ್ದು ನೀವು ಕಣ್ಣಾರೆ ನೋಡೀರೇನು?" ಅಂಬರೀನ ಕೇಳಿದಳು.

ಮುದುಕ ಪುತಳಾಬಾಯಿಯ ಕಡೆ ನೋಡಿ ತಲೆ ತಗ್ಗಿಸಿದ. "ನೋಡೇನ್ರಿ. ಪೂರಾ ಹೋಶ್‌ದಾಗ, ಎಚ್ಚರದಾಗ ಇದ್ದ. ಬೇಟಿಗಿ ಏನೂ ಇಲ್ಲೇನೋ ಅಂತ ನಾನೇ ಕೇಳಿದ್ನಿ."

"ಏನಂದ್ರು?"

"ಆಕಿ ಎಂದೂ ಏನೂ ಕೇಳಾಕಿ ಅಲ್ಲ ಬಿಡು, ಅಂದ."

ಸಹಿ ಸುಳ್ಳಿರಬಹುದು ಎಂದು ಪುತಳಾಬಾಯಿ ಹೆದರಿದ್ದಳು. ಅಪ್ಪನ ಈ ಮಾತು ಅದಕ್ಕಿಂತ ಆಳಕ್ಕೆ ನಾಟಿತು. ಸಾಲೆ ಬಿಡಿಸಿದಾಗ ಆಕೆ ಏನೂ ಕೇಳಿರಲಿಲ್ಲ, ಮದುವೆ ಗೊತ್ತು ಮಾಡಿದಾಗ ಕೇಳಿರಲಿಲ್ಲ. ಅದನ್ನು ಒಳ್ಳೆಯತನವೆಂದು ಅಪ್ಪ ಮೆಚ್ಚಿಕೊಂಡಿದ್ದಾನೆ ಎಂದುಕೊಂಡಿದ್ದಳು.

"ಸಹಿ ಅಪ್ಪಂದೇ ಅದರಿ. ನಂದೇನೂ ತಕರಾರಿಲ್ಲ," ಎಂದಳು.

ಪ್ರೊಬೇಟ್ ಸಿಕ್ಕಿತು. ಹೊರಗೆ ಬಂದ ಸಂಜುಕುಮಾರನ ಮುಖ ಅರಳಿತ್ತು. "ಆಗಿದ್ದು ಆಯ್ತು. ನಡಿ, ಮನಿಗಿ ಹೋಗಿ ಉಣ್ಣೋಣು."

"ಬರ್ತೇನಿ. ಮೊದಲ ಒಂದು ಮಾತು," ಎಂದಳು ಪುತಳಾಬಾಯಿ. ಅಪ್ಪನ ಹಿಂದೆಯೇ ತೀರಿಕೊಂಡ ಅವ್ವ ಸುಂದರಬಾಯಿಗೆ ಔರಾದದಲ್ಲಿ ತವರಿನವರು ಕೊಟ್ಟ ಹೊಲವಿತ್ತು. "ಅವ್ವ ಏನೂ ಬರದಿಟ್ಟು ಹೋಗಿಲ್ಲ. ಆ ಹೊಲದಾಗ ಅರ್ಧ ನಂದು. ಕೇಳ್ತೇನಿ."

ಅವನ ನಗು ನಿಂತಿತು. "ಕೊಡಂಗಿಲ್ಲ ಅಂದ್ರ?"

"ವಕೀಲಬಾಯಿ ಇನ್ನಾ ಒಳಗ ಇದ್ದಾರ."

ಸಂಜುಕುಮಾರ ತಂಗಿಯನ್ನು ಹೊಸಬಳನ್ನು ನೋಡುವಂತೆ ನೋಡಿದ. ಆಕೆ ಕಣ್ಣು ತಗ್ಗಿಸಲಿಲ್ಲ. ಕೊನೆಗೆ ಅವನೇ ಮುಖ ತಿರುಗಿಸಿದ.

"ಬಿತ್ತನಿಗಿ ಮೊದಲ ಹೊಲ ಅಳತಿ ಮಾಡಿ ಎರಡು ಪಾಲ ಮಾಡಸ್ತೇನಿ," ಎಂದ.