ಬಲೆ ಹೊಲಿದ ಷಡ್ಡಕ

ಸೇತುವೆಯ ಈಚೆ ಒಂದು ಪ್ರೌಢಶಾಲೆ, ಆಚೆ ಇನ್ನೊಂದು. ಎರಡರ ಹುಡುಗಿಯರ ಫುಟ್‌ಬಾಲ್ ತಂಡಗಳಿಗೂ ಹಾವು ಮುಂಗುಸಿಯ ಸಂಬಂಧ. ಸಾಲದ್ದಕ್ಕೆ ಎರಡೂ ಕಡೆಯ ಕೋಚ್‌ಗಳು ಷಡ್ಡಕರು. ಆಚೆಯವರು ಅಕ್ಕನ ಗಂಡ, ಈಚೆಯವರು ತಂಗಿಯ ಗಂಡ. ಪಂದ್ಯದ ವಾರ ಬಂತೆಂದರೆ ಇಬ್ಬರೂ ಎದುರಾಗದಂತೆ ನೋಡಿಕೊಳ್ಳುವುದರಲ್ಲೇ ಅಕ್ಕತಂಗಿಯರು ಸುಸ್ತಾಗುತ್ತಿದ್ದರು.

ಆ ವರ್ಷದ ಫೈನಲ್ ಆಚೆಯ ಮೈದಾನದಲ್ಲಿತ್ತು. ಈಚೆಯ ತಂಡದ ಬಸ್ಸು ಸೇತುವೆ ಹತ್ತುವ ಮೊದಲೇ ಕೆಮ್ಮಿ, ನಡುಗಿ, ನಿಂತುಬಿಟ್ಟಿತು. ಡ್ರೈವರ್ ಬಾನೆಟ್ ಎತ್ತಿ ನೋಡಿ ಕೈ ಚೆಲ್ಲಿದ. ಹೊತ್ತಿಗೆ ಸರಿಯಾಗಿ ಮೈದಾನಕ್ಕೆ ಇಳಿಯದ ತಂಡ ಸೋತಂತೆ ಎಂಬುದು ನಿಯಮ. ಕೋಚ್ ಸಂಕೋಚ ನುಂಗಿಕೊಂಡು ಷಡ್ಡಕನಿಗೆ ಫೋನ್ ಮಾಡಿದರು.

"ಭಾವ, ಬಸ್ ಕೆಟ್ಟು ನಿಂತಿದೆ. ಸ್ವಲ್ಪ ಕಾಯ್ತೀರಾ?"

"ರೂಲ್ಸ್ ಗೊತ್ತಲ್ವೇನಯ್ಯಾ ನಿಂಗೆ?" ಎಂದವರೇ ಆ ಕಡೆಯಿಂದ ಕರೆ ಕಟ್ ಮಾಡಿದರು.

ಕೋಚ್‌ಗೆ ಮೈಯೆಲ್ಲ ಉರಿದುಹೋಯಿತು. "ಬ್ಯಾಗ್ ಎತ್ಕೊಳ್ರೇ, ಓಡೋಣ!" ಎಂದರು. ಹುಡುಗಿಯರು ಬೂಟುಗಳನ್ನು ಕೊರಳಿಗೆ ನೇತುಹಾಕಿಕೊಂಡು ಸೇತುವೆಯುದ್ದಕ್ಕೂ ಓಡಿದರು. ಹೇಗೂ ತಡವಾಗಿದೆ ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ಯಾರೂ ನಿಲ್ಲಲಿಲ್ಲ.

ಮೈದಾನ ತಲುಪಿದಾಗ ಜನ ಕೂಗಾಡುತ್ತಿದ್ದರು. ಗೋಲ್ ಕಂಬದ ಬಳಿ ಸ್ಟೂಲಿನ ಮೇಲೆ ಕೂತು, ದೊಡ್ಡ ಸೂಜಿ ಹಿಡಿದು ಬಲೆ ಹೊಲಿಯುತ್ತಿದ್ದರು ಷಡ್ಡಕ. ಒಂದು ಹೊಲಿಗೆ ಹಾಕುವುದು, ಕನ್ನಡಕ ಒರೆಸುವುದು, ಇನ್ನೊಂದು ಹೊಲಿಗೆ ಹಾಕುವುದು.

"ಬಲೆ ಸರಿಯಾಗದೆ ಆಟ ಶುರು ಮಾಡೋ ಹಾಗಿಲ್ಲ. ಅದೂ ನಿಯಮವೇ," ಎಂದರು ರೆಫರಿ, ನಗು ತಡೆದುಕೊಂಡು. "ಎಲ್ಲಿ ಹರಿದಿದೆ ಅಂತ ನಂಗಂತೂ ಕಾಣ್ಲಿಲ್ಲ."

ಷಡ್ಡಕ ಓಡಿಬಂದವರ ಕಡೆ ನೋಡಿ ಹಲ್ಲಿನಿಂದ ದಾರ ಕಡಿದರು. "ಹಾಂ, ಈಗ ಸರಿಯಾಯ್ತು."

ಆಟ ಜಿದ್ದಾಜಿದ್ದಿಯಾಗಿ ನಡೆಯಿತು. ಇನ್ನೇನು ಸಮವಾಗಿ ಮುಗಿಯುತ್ತದೆ ಎನ್ನುವಾಗ ಈಚೆಯ ನಾಯಕಿ, ಎಲ್ಲರ ಬಾಯಲ್ಲಿ 'ಗಿಡ್ಡಿ', ಎದುರಾಳಿಗಳ ನಡುವೆ ನುಸುಳಿ ಚೆಂಡನ್ನು ಬಲೆಗೆ ಒದ್ದಳು. ಕಪ್ ಸೇತುವೆ ದಾಟುವುದೆಂದು ಖಾತ್ರಿಯಾಯಿತು.

ಕಪ್ ಹಿಡಿದು ಕುಣಿಯುವ ಹುಡುಗಿಯರನ್ನು ಬಿಟ್ಟು ಕೋಚ್ ಷಡ್ಡಕನ ಬಳಿ ಹೋದರು. ಅಲ್ಲಿ ಆಚೆಯ ಶಾಲೆಯ ಹೆಡ್‌ಮಾಸ್ಟರ್ ಕೆಂಡವಾಗಿದ್ದರು. "ಸುಮ್ನೆ ಕೂತಿದ್ರೆ ಕಪ್ ನಮ್ದಾಗ್ತಿತ್ತಲ್ರೀ!"

"ವರ್ಷವಿಡೀ ಬೆವರು ಸುರಿಸಿದ ಮಕ್ಕಳು ಸರ್. ಖಾಲಿ ಮೈದಾನದಲ್ಲಿ ನಿಂತು ಕಪ್ ಎತ್ಕೊಳ್ಳಿ ಅಂತ ಹೇಗೆ ಹೇಳ್ಲಿ?" ಎಂದರು ಷಡ್ಡಕ.

ಕೋಚ್ ಮುಂದೆ ಬಂದು ಷಡ್ಡಕನ ಕೈಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡರು.

"ಮೆಲ್ಲಗೆ ಕಣಯ್ಯಾ! ಸೂಜಿ ಚುಚ್ಚಿ ಬೆರಳೆಲ್ಲ ತೂತಾಗಿದೆ."

"ಫೋನ್‌ನಲ್ಲಿ ಒಂದ್ಮಾತು ಹೇಳ್ಬಾರ್ದಿತ್ತಾ ಭಾವ? ದಾರಿಯುದ್ದಕ್ಕೂ ನಿಮ್ಮನ್ನ ಬೈಕೊಂಡು ಬಂದೆ."

"ಪಕ್ಕದಲ್ಲೇ ಇವ್ರು ನಿಂತಿದ್ರಲ್ಲ! ಇನ್ನೇನ್ ಹೇಳ್ಲಿ?" ಷಡ್ಡಕ ಹೆಡ್‌ಮಾಸ್ಟರ್ ಕಡೆ ಕಣ್ಣು ಹೊರಳಿಸಿದರು.

ಕೋಚ್ ನಕ್ಕರು, ನಗುವಿನ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಅವರು ತಿರುಗಿ ತಮ್ಮ ಹುಡುಗಿಯರನ್ನು ಕೂಗಿದರು. "ಬನ್ರೇ ಎಲ್ಲರೂ. ಇವರಿಗೆ ಥ್ಯಾಂಕ್ಸ್ ಹೇಳಿ." ಗಿಡ್ಡಿ ಮೊದಲು ಬಂದಳು, ಕಪ್ಪನ್ನು ಷಡ್ಡಕನ ಕೈಗಿಟ್ಟು, "ಸ್ವಲ್ಪ ಹೊತ್ತು ನೀವು ಹಿಡ್ಕೊಳ್ಳಿ ಸರ್," ಎಂದಳು.