ತಪ್ಪಿನ ಕೇಕ್

ಮೇಜಿನ ಮೇಲೆ ಕೇಕ್ ಕಂಡದ್ದೇ ವಿಬೆಕೆಯ ಮೈಯೆಲ್ಲ ಉರಿಯಿತು. ಕೆನೆ ಮೆತ್ತಿದ ದಪ್ಪ ಕೇಕ್. ನೆತ್ತಿಯಲ್ಲಿ, ಹುಟ್ಟುಹಬ್ಬಕ್ಕೆ ಸಿಗಿಸುವಂಥ ಕೆಂಪು-ಬಿಳಿ ಬಾವುಟ. ಅವಳು ತಂದದ್ದಲ್ಲ ಅದು. ತರುವುದಿಲ್ಲ ಎಂದು ನಿನ್ನೆಯೇ ಟ್ರೋಲ್ಸ್‌ನ ಮುಖಕ್ಕೆ ಹೇಳಿದ್ದಳು.

ತಪ್ಪು ಮಾಡಿದವರು ಕೇಕ್ ತರಬೇಕು. ಓರ್ಹುಸ್ ಊರಿನ ಕಚೇರಿಗಳಲ್ಲಿ ಇದನ್ನು ಯಾರೂ ಬರೆದಿಟ್ಟಿಲ್ಲ, ಮೀರಿದವರೂ ಇಲ್ಲ. ಕೇಕ್ ಬರುತ್ತದೆ, ಎಲ್ಲರೂ ಕಾಲೆಳೆದು ನಗುತ್ತಾರೆ, ತಿನ್ನುತ್ತಾರೆ, ಅಲ್ಲಿಗೆ ತಪ್ಪು ಮುಗಿಯಿತು. ಆಮೇಲೆ ಅದರ ಮಾತೆತ್ತಕೂಡದು. ಒಳ್ಳೆಯ ಪದ್ಧತಿಯೇ. ಗಿರಾಕಿಗಳಿಗೆಲ್ಲ ಬೆಳಗಾಗೆದ್ದು 'ಇದು ಸುಮ್ಮನೆ ಕಳಿಸಿದ್ದು' ಎಂಬ ಪರೀಕ್ಷೆಯ ಸಂದೇಶವನ್ನು ಕೈತಪ್ಪಿ ಹಾರಿಸಿದ್ದಕ್ಕೆ ವಿಬೆಕೆ ಕೂಡ ಒಮ್ಮೆ ಸೇಬಿನ ಕೇಕ್ ಬೇಯಿಸಿ ತಂದಿದ್ದಳು, ತಾನೂ ನಕ್ಕಿದ್ದಳು. ಆದರೆ ಆಗ ಯಾರೂ ಆಸ್ಪತ್ರೆ ಸೇರಿರಲಿಲ್ಲ.

ಅವರ ಪುಟ್ಟ ಕಂಪನಿ ಕಟ್ಟುತ್ತಿದ್ದುದು ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ದಾದಿಯರಿಗೆ ಒಂದು ಆ್ಯಪ್. ಔಷಧ ಕೊಟ್ಟ ಮೇಲೆ ದಾದಿ ಫೋನಿನಲ್ಲಿ ಹಸಿರು ಗುರುತು ಒತ್ತಬೇಕು. ಆಮೇಲೆ ಬಂದವಳು ಅದನ್ನು ನೋಡಿ ಮತ್ತೆ ಕೊಡದೆ ಹೋಗಬೇಕು. ನೆಟ್‌ವರ್ಕ್ ಹೋಗಿ ಬಂದರೆ ಆ ಗುರುತು ಉಳಿಯುತ್ತದೋ ಇಲ್ಲವೋ ನೋಡಬೇಕು, ಅದನ್ನು ಪರೀಕ್ಷಿಸಲು ಎರಡು ವಾರ ಕೊಡು ಎಂದು ವಿಬೆಕೆ ಕೇಳಿದ್ದಳು. "ಎರಡು ವಾರ ಕಾದ್ರೆ ಬೇರೆಯವ್ರು ಬಂದು ಗಿರಾಕಿನ ಹಾರಿಸ್ಕೊಂಡು ಹೋಗ್ತಾರೆ. ಮೊದ್ಲು ಬಿಡೋಣ, ಆಮೇಲೆ ತಿದ್ದೋಣ," ಎಂದಿದ್ದ ಕಂಪನಿಯ ಒಡೆಯ ಟ್ರೋಲ್ಸ್. ಹಾಗೇ ಬಳಕೆಗೆ ಬಿಟ್ಟರು. ನೆಟ್‌ವರ್ಕ್ ಸಿಗದ ಒಂದು ನೆಲಮಾಳಿಗೆಯ ಮನೆಯಲ್ಲಿ ಒತ್ತಿದ ಗುರುತು ಅಳಿಸಿಹೋಯಿತು. ಇಬ್ಬರು ದಾದಿಯರು, ಒಬ್ಬರ ಹಿಂದೆ ಒಬ್ಬರು ಬಂದು, ಒಬ್ಬನೇ ಮುದುಕನಿಗೆ ಇನ್ಸುಲಿನ್ ಚುಚ್ಚಿದರು. ಜೀವ ಉಳಿದದ್ದು ಅವನ ಪುಣ್ಯ.

ಅದೇ ಆ್ಯಪ್ ಸೋಮವಾರ ಇನ್ನೊಂದು ಊರಿಗೆ ಹೊರಟಿತ್ತು. ಒಂದು ಸಾಲೂ ತಿದ್ದದೆ.

"ಆ ಕೋಡ್ ಬರ್ದಿದ್ದು ನೀನೇ ತಾನೆ?" ಟ್ರೋಲ್ಸ್ ತಟ್ಟೆ ಜೋಡಿಸುತ್ತ ಕೇಳಿದ. "ನೀನು ತರಲ್ಲ ಅಂದೆ, ನಿನ್ನ ಹೆಸರಲ್ಲಿ ನಾನೇ ತಂದೆ. ಒಂದು ತುಂಡು ಬಾಯಿಗೆ ಹಾಕ್ಕೊಂಡು ಮರ್ತುಬಿಡು ಮಾರಾಯ್ತಿ."

"ಹೌದು, ನಾನೇ ಬರ್ದೆ. ಅರ್ಧ ಬೆಂದಿದ್ದನ್ನ ಒಲೆಯಿಂದ ಇಳಿಸಿ ಬಡಿಸಿದ್ದು ಯಾರು?"

"ನೆಟ್‌ವರ್ಕ್ ಇಲ್ದಿರೋ ಮನೆ ಊರಲ್ಲಿ ಎಷ್ಟಿರತ್ತೆ ಹೇಳು? ಮುಂದಿನ ತಿಂಗಳು ತಿದ್ದೋಣ ಅಂದ್ನಲ್ಲ."

"ಅಷ್ಟರೊಳಗೆ ಇನ್ನೊಬ್ರಿಗೆ ಹೀಗಾದ್ರೆ? ಇನ್ನೊಂದು ಕೇಕಾ?"

ವಿಬೆಕೆ ಪಕ್ಕದ ಮೇಜಿನ ಆಸ್ಗರ್‌ನತ್ತ ನೋಡಿದಳು. ಎರಡು ವಾರ ಬೇಕೆಂದು ಅವಳ ಜೊತೆ ದನಿಗೂಡಿಸಿದ್ದವನು ಅವನೊಬ್ಬನೇ. ಈಗ ಕಾಫಿ ಲೋಟದೊಳಗೆ ಏನೋ ಬಿದ್ದಿರುವವನಂತೆ ಇಣುಕುತ್ತ ಕೂತಿದ್ದ. ಇವನೂ ತಿಪ್ಪೆ ಸಾರಿಸುವವರ ಜೊತೆ ಸೇರಿದನಲ್ಲ ಎಂದು ಅವಳಿಗೆ ಅಸಹ್ಯವಾಯಿತು.

ಅಷ್ಟರಲ್ಲಿ ಗುಡ್ರುನ್ ಸೈಕಲ್ ಹೆಲ್ಮೆಟ್ ಕಳಚುತ್ತ ಒಳಬಂದರು. ಸೋಮವಾರ ಆ್ಯಪ್ ಹೋಗಬೇಕಿದ್ದ ಊರಿನ ಆರೈಕೆ ವಿಭಾಗಕ್ಕೆ ಅವರೇ ಮುಖ್ಯಸ್ಥೆ. ಬಾವುಟ ಕಂಡು ಅವರ ಮುಖ ಅರಳಿತು.

"ಓಹೋ! ಒಳ್ಳೇ ದಿನವೇ ಬಂದೆ. ಯಾರದಪ್ಪ ಹುಟ್ಟುಹಬ್ಬ?"

"ನಮ್ಮ ವಿಬೆಕೆದು," ಎಂದ ಟ್ರೋಲ್ಸ್. ಕಣ್ಣು ಕೂಡ ಮಿಟುಕಿಸಲಿಲ್ಲ.

ಬಾವುಟ ಯಾಕೆಂದು ವಿಬೆಕೆಗೆ ಆಗ ಹೊಳೆಯಿತು: ಗುಡ್ರುನ್ ಬರುವುದು ಅವನಿಗೆ ಮೊದಲೇ ಗೊತ್ತಿತ್ತು. ಗುಡ್ರುನ್ ಅವಳ ಕೈಯನ್ನು ತಮ್ಮೆರಡು ಕೈಗಳಲ್ಲಿ ಹಿಡಿದುಕೊಂಡು, "ನೂರು ವರ್ಷ ಚೆನ್ನಾಗಿರು," ಎಂದರು. ಹೊರಗಿನ ಚಳಿಗೆ ಅವರ ಬೆರಳು ತಣ್ಣಗಿದ್ದವು. ವಿಬೆಕೆಗೆ ನಾಚಿಕೆಯಾಯಿತು, ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಇವತ್ತು ನನ್ನ ಹುಟ್ಟುಹಬ್ಬ ಅಲ್ಲ. ಇದು ತಪ್ಪಿನ ಕೇಕ್."

ಗುಡ್ರುನ್ ಜೋರಾಗಿ ನಕ್ಕರು. "ಹಾಗಾದ್ರೆ ಇನ್ನೂ ರುಚಿ! ಏನು ಕಿತಾಪತಿ ಮಾಡಿದ್ರಿ?"

"ಅಯ್ಯೋ, ಸಣ್ಣದು ಬಿಡಿ," ಟ್ರೋಲ್ಸ್ ಕೇಕಿಗೆ ಚಾಕು ಇಳಿಸಿದ.

ವಿಬೆಕೆ ಜೇಬಿನಿಂದ ತನ್ನ ಫೋನ್ ತೆಗೆದು ಆ್ಯಪ್ ತೆರೆದಳು. ನೆಟ್‌ವರ್ಕ್ ನಿಲ್ಲಿಸಿ ಗುಡ್ರುನ್ ಕೈಗಿಟ್ಟಳು. "ನೀವೇ ದಾದಿ ಅಂದ್ಕೊಳ್ಳಿ. ನೆಲಮಾಳಿಗೆ ಮನೆ. ಔಷಧ ಕೊಟ್ರಿ. ಒತ್ತಿ."

ಗುಡ್ರುನ್ ಒತ್ತಿದರು. ಹಸಿರು ಗುರುತು ಬಂತು.

"ಈಗ ಮೆಟ್ಟಿಲು ಹತ್ತಿ ರಸ್ತೆಗೆ ಬಂದ್ರಿ," ಎಂದು ವಿಬೆಕೆ ನೆಟ್‌ವರ್ಕ್ ಹಚ್ಚಿದಳು. ಗುರುತು ಮಾಯವಾಯಿತು.

"ವಿಬೆಕೆ, ಸಾಕು," ಎಂದ ಟ್ರೋಲ್ಸ್.

ಗುಡ್ರುನ್ ಮುಖದಲ್ಲಿ ನಗುವಿರಲಿಲ್ಲ. "ಇದರಲ್ಲಿ ಇನ್ಸುಲಿನ್ನೂ ಇರತ್ತಾ?"

"ಇರತ್ತೆ. ಒಬ್ರಿಗೆ ಎರಡು ಸಲ ಚುಚ್ಚಿದ್ದಾಯ್ತು, ಆಸ್ಪತ್ರೆಗೆ ಸೇರಿಸಿದ್ದೂ ಆಯ್ತು. ಅದಕ್ಕೇ ಈ ಕೇಕ್."

ಆಸ್ಗರ್ ಎದ್ದು ಬಂದು ಗುಡ್ರುನ್ ಹಿಂದೆ ಒಂದು ಕುರ್ಚಿ ಎಳೆದಿಟ್ಟ. ಅವರು ಕೂತರು, ಎದುರಿಗಿದ್ದ ತಟ್ಟೆಯನ್ನು ಅತ್ತ ಸರಿಸಿ ಕನ್ನಡಕ ಹಾಕಿಕೊಂಡರು. ಟ್ರೋಲ್ಸ್‌ನ ಚಾಕು ಕೇಕಿನಲ್ಲಿ ಅರ್ಧಕ್ಕೇ ನಿಂತಿತ್ತು. ಗುಡ್ರುನ್ ತಾವೇ ನೆಟ್‌ವರ್ಕ್ ನಿಲ್ಲಿಸಿ ಹೆಬ್ಬೆರಳಿನಿಂದ ಒತ್ತಿದರು. ಗುರುತು ಬಂತು. ನೆಟ್‌ವರ್ಕ್ ಹಚ್ಚಿದರು. ಹೋಯಿತು. ಅವರು ಮತ್ತೊಮ್ಮೆ ಒತ್ತಿದರು.